ಯಾವ ದ್ವೀಪದ ಕಡಲಿಗೆ ಇಳಿಯಬೇಕು? ಸ್ಕೂಬಾ ಡೈವಿಂಗ್ ತಾಣವನ್ನು ಆರಿಸಿಕೊಳ್ಳುವ ಬಗೆ

ಉಷ್ಣವಲಯದ ದ್ವೀಪವೊಂದರಲ್ಲಿ ರಜೆ ಕಳೆಯುತ್ತ ಸ್ಕೂಬಾ ಡೈವಿಂಗ್ ಮಾಡಬೇಕೆಂದು ಹೊರಟವರ ಮುಂದೆ ಸಾಮಾನ್ಯವಾಗಿ ಕೆಲವು ಹೆಸರುಗಳು ಬಂದು ನಿಲ್ಲುತ್ತವೆ. ಮಾಲ್ಡೀವ್ಸ್, ಬಾಲಿ, ಥಾಯ್ಲೆಂಡಿನ ಕೋ ತಾವೋ, ಕೆರಿಬಿಯನ್ ಕಡಲಿನ ಬೊನೇರ್ ಮತ್ತು ಕೊಜುಮೆಲ್, ಇಂಡೋನೇಷ್ಯಾದ ರಾಜಾ ಅಂಪಾತ್, ಪೆಸಿಫಿಕ್ ಸಾಗರದ ಪಲಾವ್. ಎಲ್ಲದರ ಚಿತ್ರಗಳಲ್ಲೂ ನೀರು ಒಂದೇ ಬಗೆಯ ನೀಲಿ. ಎಲ್ಲದರ ವರ್ಣನೆಯಲ್ಲೂ ಕಡಲಾಮೆ, ಮಂಟಾ ರೇ ಎಂಬ ಚಪ್ಪಟೆ ದೇಹದ ದೊಡ್ಡ ಮೀನು, ಶಾರ್ಕ್ ಇದ್ದೇ ಇರುತ್ತವೆ. ಹೀಗಾಗಿ ಚಿತ್ರ ನೋಡಿ ಆರಿಸಲು ಹೊರಟವರು ಗೊಂದಲಕ್ಕೆ ಬೀಳುವುದು ಸಹಜ. ಈ ತಾಣಗಳ ನಡುವಿನ ನಿಜವಾದ ವ್ಯತ್ಯಾಸ ಮೀನುಗಳಲ್ಲಿರುವುದಕ್ಕಿಂತ ಹೆಚ್ಚಾಗಿ ನೀರಿನ ಸೆಳೆತದಲ್ಲಿ, ನೀರಿಗಿಳಿಯುವ ರೀತಿಯಲ್ಲಿ ಮತ್ತು ನೀವು ಹೋಗುವ ತಿಂಗಳಿನಲ್ಲಿ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಮೂರನ್ನು ಸರಿಯಾಗಿ ಹೊಂದಿಸಿಕೊಂಡವರಿಗೆ ಅಷ್ಟೇನೂ ಹೆಸರಿಲ್ಲದ ಕಡಲೂ ತೃಪ್ತಿ ಕೊಡುತ್ತದೆ. ಹೊಂದಿಸಿಕೊಳ್ಳದವರಿಗೆ ಜಗತ್ಪ್ರಸಿದ್ಧ ತಾಣವೂ ಭಯದ, ಆಯಾಸದ ನೆನಪಾಗಿ ಉಳಿದುಬಿಡಬಹುದು.

ಮೊದಲು ನಿಮ್ಮ ಬಗ್ಗೆ ಕೇಳಿಕೊಳ್ಳಬೇಕಾದದ್ದು

ಅನುಭವದ ಪ್ರಶ್ನೆ ಎಲ್ಲಕ್ಕಿಂತ ಮೊದಲು ಬರುತ್ತದೆ. ತರಬೇತಿಯಿಲ್ಲದೆ ಒಮ್ಮೆ ಇಳಿದು ನೋಡುವವರನ್ನು ಬೋಧಕರು 12 ಮೀಟರ್‌ಗಿಂತ ಕೆಳಗೆ ಕರೆದೊಯ್ಯುವಂತಿಲ್ಲ. ಓಪನ್ ವಾಟರ್ ಎಂಬ ಮೊದಲ ಹಂತದ ತರಬೇತಿ ಮುಗಿಸಿದವರ ಮಿತಿ 18 ಮೀಟರ್, ಅದರ ಮುಂದಿನ ಹಂತವಾದ ಅಡ್ವಾನ್ಸ್ಡ್ ಮುಗಿಸಿದವರದು 30 ಮೀಟರ್. ಹವ್ಯಾಸಕ್ಕಾಗಿ ಮಾಡುವ ಡೈವಿಂಗ್‌ಗೆ 40 ಮೀಟರ್ ಕೊನೆಯ ಗೆರೆ. ಆದರೆ ತರಬೇತಿ ಮುಗಿಸಿದವರಿಗೆ ಕೊಡುವ ಕಾರ್ಡಿನಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ, ಕೊನೆಯ ಬಾರಿ ನೀರಿಗಿಳಿದು ಎಷ್ಟು ಕಾಲವಾಯಿತು, ಕೈ ಆಡಿಸದೆ ಒಂದೇ ಮಟ್ಟದಲ್ಲಿ ತೇಲಿಕೊಂಡಿರಲು ಬರುತ್ತದೆಯೇ, ಮಾಸ್ಕಿನೊಳಗೆ ನೀರು ನುಗ್ಗಿದರೆ ಗಾಬರಿಯಾಗದೆ ಹೊರಹಾಕಬಲ್ಲಿರಾ ಎಂಬ ಪ್ರಶ್ನೆಗಳಿಗೆ ನೀವು ಪ್ರಾಮಾಣಿಕವಾಗಿ ಕೊಡುವ ಉತ್ತರವೇ ಮುಖ್ಯ.

ಆಳವನ್ನೇ ಸಾಧನೆ ಎಂದುಕೊಳ್ಳುವವರಿಗೆ ಒಂದು ಸರಳ ಲೆಕ್ಕ ಹೇಳಬೇಕು. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತ ಹೋಗುತ್ತದೆ. ಆದ್ದರಿಂದ 10 ಮೀಟರ್ ಆಳದಲ್ಲಿ ಒಂದು ಉಸಿರಿಗೆ ಮೇಲ್ಮೈಯಲ್ಲಿ ಬೇಕಾಗುವುದರ ಎರಡು ಪಟ್ಟು, 20 ಮೀಟರ್‌ನಲ್ಲಿ ಮೂರು ಪಟ್ಟು, 30 ಮೀಟರ್‌ನಲ್ಲಿ ನಾಲ್ಕು ಪಟ್ಟು ಗಾಳಿ ಸಿಲಿಂಡರಿನಿಂದ ಖರ್ಚಾಗುತ್ತದೆ. ಮೇಲಾಗಿ ನೀರು ಮೊದಲ ಕೆಲವು ಮೀಟರ್‌ಗಳಲ್ಲೇ ಸೂರ್ಯನ ಬೆಳಕಿನ ಕೆಂಪನ್ನು ಹೀರಿಬಿಡುವುದರಿಂದ, ಆಳಕ್ಕೆ ಹೋದಷ್ಟೂ ಹವಳಗಳು ಬೂದುನೀಲಿಯಾಗಿ ಕಾಣತೊಡಗುತ್ತವೆ. ಹವಳದ ದಿಬ್ಬದ ನೆತ್ತಿ ಐದರಿಂದ ಹತ್ತು ಮೀಟರ್‌ಗಳಲ್ಲಿರುವ ತಾಣ ಹೊಸಬರಿಗೆ ಹೆಚ್ಚು ಸಮಯವನ್ನೂ ಹೆಚ್ಚು ಬಣ್ಣವನ್ನೂ ಕೊಡುತ್ತದೆ. ಹೀಗಾಗಿ ಕಡಿಮೆ ಆಳದ ತಾಣವನ್ನು ಆರಿಸಿಕೊಂಡವರು ಯಾವುದನ್ನೂ ಬಿಟ್ಟುಕೊಟ್ಟಂತಾಗುವುದಿಲ್ಲ.

ಎರಡನೆಯದು ಸೆಳೆತ. ದೊಡ್ಡ ಮೀನುಗಳು, ಮಂಟಾಗಳು, ಶಾರ್ಕ್‌ಗಳು ಸೇರುವುದು ಸಾಮಾನ್ಯವಾಗಿ ನೀರು ರಭಸವಾಗಿ ಹರಿಯುವ ಕಡೆ, ಏಕೆಂದರೆ ಅವುಗಳ ಇಡೀ ಆಹಾರ ಸರಪಳಿಗೆ ಆಧಾರವಾದ ಪ್ಲವಕಗಳನ್ನು (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು) ಹೊತ್ತು ತರುವುದು ಆ ಹರಿವೇ. ಅಂದರೆ ದೊಡ್ಡ ಪ್ರಾಣಿಗಳನ್ನು ನೋಡುವ ಆಸೆಗೂ ಪ್ರಶಾಂತವಾದ ನೀರಿನ ಆಸೆಗೂ ಸಾಮಾನ್ಯವಾಗಿ ಹೊಂದಾಣಿಕೆಯಾಗುವುದಿಲ್ಲ. ಒಂದನ್ನು ಹೆಚ್ಚಿಸಿಕೊಂಡರೆ ಇನ್ನೊಂದು ಕಡಿಮೆಯಾಗುತ್ತದೆ. ಈ ಒಂದು ಸಂಗತಿಯನ್ನು ಅರ್ಥಮಾಡಿಕೊಂಡರೆ ಆಯ್ಕೆಯ ಅರ್ಧ ಭಾಗ ಮುಗಿದಂತೆ.

ಮೂರನೆಯದು ತಿಂಗಳು. ದೇಶದ ಹೆಸರು ಹೇಳಿ ಋತು ಕೇಳುವುದು ಸಾಲದು, ಕರಾವಳಿಯ ಯಾವ ಬದಿ ಎಂದು ಕೇಳಬೇಕು. ಥಾಯ್ಲೆಂಡನ್ನೇ ನೋಡಿ: ಪಶ್ಚಿಮಕ್ಕೆ ಅಂಡಮಾನ್ ಸಮುದ್ರದಲ್ಲಿರುವ ಸಿಮಿಲಾನ್ ದ್ವೀಪಗಳ ರಾಷ್ಟ್ರೀಯ ಉದ್ಯಾನವನ್ನು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತಾರೆ, ಅದೇ ಅವಧಿಯಲ್ಲಿ ಪೂರ್ವದ ಕೊಲ್ಲಿಯಲ್ಲಿರುವ ಕೋ ತಾವೋದಲ್ಲಿ ಡೈವಿಂಗ್ ನಿರಾತಂಕವಾಗಿ ನಡೆಯುತ್ತಿರುತ್ತದೆ. ಫಿಲಿಪ್ಪೀನ್ಸ್‌ನ ತುಬ್ಬತಾಹ ಹವಳದ ದಿಬ್ಬಗಳಿಗೆ ಹೋಗಬೇಕೆಂದರೆ ಮಾರ್ಚ್ ಮಧ್ಯದಿಂದ ಜೂನ್ ಮಧ್ಯದವರೆಗಿನ ಮೂರು ತಿಂಗಳು ಮಾತ್ರ ಅವಕಾಶ. ರಜೆಯ ತಿಂಗಳು ಮೊದಲೇ ನಿಗದಿಯಾಗಿದ್ದರೆ ಪಟ್ಟಿಯ ಅರ್ಧ ಹೆಸರುಗಳನ್ನು ಅದೇ ಹೊಡೆದುಹಾಕುತ್ತದೆ.

ನಾಲ್ಕನೆಯದು ಜೊತೆಯಲ್ಲಿ ಬರುವವರು. ಡೈವ್ ಮಾಡದ ಸಂಗಾತಿ, ಮಕ್ಕಳು ಅಥವಾ ವಯಸ್ಸಾದವರಿದ್ದರೆ ಅವರ ದಿನ ಹೇಗೆ ಕಳೆಯುತ್ತದೆ ಎಂಬುದನ್ನೂ ಯೋಚಿಸಬೇಕು. ಮಕ್ಕಳು 10 ವರ್ಷ ತುಂಬಿದ ಮೇಲೆ ಜೂನಿಯರ್ ತರಬೇತಿ ಪಡೆಯಬಹುದು, ಆದರೆ ಆ ವಯಸ್ಸಿನಲ್ಲಿ ಅವರ ಮಿತಿ 12 ಮೀಟರ್. ಐದನೆಯದು ವೆಚ್ಚ, ಆರನೆಯದು ತುರ್ತು ಚಿಕಿತ್ಸೆ ಎಷ್ಟು ದೂರದಲ್ಲಿದೆ ಎಂಬುದು. ಇವೆರಡರ ಬಗ್ಗೆ ಮುಂದೆ ಹೇಳುತ್ತೇನೆ.

ಕಲಿಯಲು: ಕೋ ತಾವೋ

ಇದುವರೆಗೆ ನೀರಿಗಿಳಿಯದವರು, ಕಡಿಮೆ ಖರ್ಚಿನಲ್ಲಿ ತರಬೇತಿ ಪೂರೈಸಬೇಕೆನ್ನುವವರು ಮೊದಲು ಪರಿಗಣಿಸಬೇಕಾದ ದ್ವೀಪ ಇದು. ಪುಟ್ಟ ದ್ವೀಪ, ಸುತ್ತ ಗಾಳಿಗೆ ಮರೆಯಾದ ಕೊಲ್ಲಿಗಳು, ಬೆಚ್ಚಗಿನ ನೀರು, ಒಂದರ ಪಕ್ಕ ಒಂದು ಡೈವಿಂಗ್ ಶಾಲೆ. ಪೈಪೋಟಿ ಇರುವುದರಿಂದ ಕಲಿಕೆಯ ಶುಲ್ಕ ಜಗತ್ತಿನ ಹೆಚ್ಚಿನ ಕಡೆಗಳಿಗಿಂತ ಕಡಿಮೆ. ಮೂರು–ನಾಲ್ಕು ದಿನಗಳಲ್ಲಿ ಓಪನ್ ವಾಟರ್ ಮುಗಿಯುತ್ತದೆ. ತರಬೇತಿ ಮುಗಿದ ಮೇಲೆ ಚುಂಫೊನ್ ಪಿನಾಕಲ್, ಸೈಲ್ ರಾಕ್‌ನಂತಹ ಕಡಲಿನ ನಡುವಿನ ಬಂಡೆಗಳಿಗೂ, 2011ರಲ್ಲಿ ಉದ್ದೇಶಪೂರ್ವಕವಾಗಿ ಮುಳುಗಿಸಿದ ಸತ್ತಾಕುಟ್ ಎಂಬ ನೌಕೆಗೂ ಹೋಗಬಹುದು.

ಇದರ ಕೊರತೆಗಳೂ ಸ್ಪಷ್ಟವಾಗಿವೆ. ನೀರಿನ ತಿಳಿ ದಿನದಿಂದ ದಿನಕ್ಕೆ ಬದಲಾಗುತ್ತದೆ, ಜನಪ್ರಿಯ ಕೊಲ್ಲಿಗಳಲ್ಲಿ ಗುಂಪುಗಳು ಒಂದರ ಹಿಂದೆ ಒಂದು ಇಳಿಯುತ್ತವೆ, ನವೆಂಬರ್ ಸುಮಾರಿಗೆ ಮಳೆ ಮತ್ತು ಅಲೆಗಳ ಕಾಟ. ದ್ವೀಪದಲ್ಲಿ ವಿಮಾನ ನಿಲ್ದಾಣವಿಲ್ಲದ ಕಾರಣ ದೋಣಿಯ ಪ್ರಯಾಣವೂ ಸೇರುತ್ತದೆ. ಈಗಾಗಲೇ ಸಾಕಷ್ಟು ಡೈವ್ ಮಾಡಿದವರಿಗೆ ಇಲ್ಲಿ ಒಂದು ವಾರ ದೀರ್ಘವೆನಿಸಬಹುದು. ಕಲಿಯುವವರಿಗೆ ಒಂದು ಎಚ್ಚರಿಕೆ: ಶುಲ್ಕದ ಸಣ್ಣ ವ್ಯತ್ಯಾಸಕ್ಕಾಗಿ ಎಂಟು ಜನರ ಗುಂಪಿಗೆ ಸೇರಬೇಡಿ. ಬೋಧಕರೊಬ್ಬರಿಗೆ ನಾಲ್ಕೇ ಶಿಷ್ಯರಿರುವ ಶಾಲೆಗೆ ಸ್ವಲ್ಪ ಹೆಚ್ಚು ಕೊಡುವುದು ಇಡೀ ಪ್ರವಾಸದಲ್ಲಿ ನೀವು ಮಾಡುವ ಅತ್ಯಂತ ಸಾರ್ಥಕವಾದ ಖರ್ಚು.

ನಿಮ್ಮದೇ ಗತಿಯಲ್ಲಿ: ಬೊನೇರ್

ತರಬೇತಿ ಮುಗಿಸಿದ್ದೀರಿ, ಆದರೆ ದೋಣಿಯ ವೇಳಾಪಟ್ಟಿ, ಗುಂಪಿನ ಅವಸರ, ಅಲೆಯ ಮೇಲೆ ಹೊಟ್ಟೆ ತೊಳಸುವುದು ಬೇಡ ಎನ್ನುವವರಿಗೆ ಬೊನೇರ್‌ಗೆ ಸಾಟಿಯಾದ ದ್ವೀಪ ವಿರಳ. ಕೆರಿಬಿಯನ್ನಿನ ದಕ್ಷಿಣದಲ್ಲಿ, ಚಂಡಮಾರುತಗಳ ಸಾಮಾನ್ಯ ದಾರಿಯಿಂದ ಆಚೆ ಇರುವ ಈ ಡಚ್ ದ್ವೀಪದ ಸುತ್ತಲಿನ ಕಡಲನ್ನು 1979ರಲ್ಲೇ ಸಂರಕ್ಷಿತ ಉದ್ಯಾನವಾಗಿ ಘೋಷಿಸಲಾಯಿತು. ಪಶ್ಚಿಮ ತೀರ ಗಾಳಿಗೆ ಮರೆಯಾಗಿರುವುದರಿಂದ ನೀರು ವರ್ಷದ ಬಹುಪಾಲು ಶಾಂತ. ರಸ್ತೆಯ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳಿರುತ್ತವೆ, ಒಂದೊಂದರ ಮೇಲೂ ಒಂದೊಂದು ಡೈವ್ ತಾಣದ ಹೆಸರು. ಬಾಡಿಗೆಯ ಪಿಕಪ್ ಗಾಡಿಯ ಹಿಂಭಾಗದಲ್ಲಿ ಸಿಲಿಂಡರ್‌ಗಳನ್ನು ಹಾಕಿಕೊಂಡು, ಇಷ್ಟವಾದ ಕಲ್ಲಿನ ಬಳಿ ನಿಲ್ಲಿಸಿ, ಜೊತೆಗಾರರೊಂದಿಗೆ ದಡದಿಂದಲೇ ನಡೆದು ನೀರಿಗಿಳಿಯುವುದು ಇಲ್ಲಿನ ರೂಢಿ. ಸ್ವಲ್ಪ ದೂರ ಈಜಿದರೆ ಹವಳದ ಇಳಿಜಾರು ಆರಂಭವಾಗುತ್ತದೆ. 1984ರಲ್ಲಿ ಮುಳುಗಿದ ಹಿಲ್ಮಾ ಹೂಕರ್ ಎಂಬ ಸರಕು ಹಡಗನ್ನೂ ದಡದಿಂದಲೇ ಹೋಗಿ ನೋಡಬಹುದು.

ವೆಚ್ಚದ ದೃಷ್ಟಿಯಿಂದ ಇದರ ಲೆಕ್ಕ ವಿಚಿತ್ರವಾಗಿದೆ. ವಿಮಾನ ಮತ್ತು ವಸತಿ ಅಗ್ಗವೇನಲ್ಲ, ಆದರೆ ವಾರಕ್ಕೆ ಒಮ್ಮೆ ಹಣ ಕಟ್ಟಿದರೆ ಎಷ್ಟು ಸಿಲಿಂಡರ್ ಬೇಕಾದರೂ ಬಳಸುವ ಯೋಜನೆಗಳಿರುವುದರಿಂದ, ದಿನಕ್ಕೆ ಮೂರು ಬಾರಿ ಇಳಿಯುವ ಉತ್ಸಾಹಿಗೆ ಒಂದು ಡೈವಿಗೆ ತಗಲುವ ಖರ್ಚು ಬಹಳ ಕಡಿಮೆಯಾಗುತ್ತದೆ. ವಾರಕ್ಕೆ ಮೂರೇ ಡೈವ್ ಸಾಕೆನ್ನುವವರಿಗೆ ಆ ಲಾಭವಿಲ್ಲ. ಸ್ವಾತಂತ್ರ್ಯಕ್ಕೆ ಇನ್ನೊಂದು ಮುಖವೂ ಇದೆ: ಗೈಡ್ ಇಲ್ಲದಿರುವಾಗ ದಿಕ್ಕು, ಗಾಳಿಯ ಪ್ರಮಾಣ, ಮರಳುವ ಸಮಯ ಎಲ್ಲವನ್ನೂ ನೀವೇ ನೋಡಿಕೊಳ್ಳಬೇಕು. ನಿನ್ನೆಯಷ್ಟೇ ತರಬೇತಿ ಮುಗಿಸಿದ ಇಬ್ಬರು ಮೊದಲ ಒಂದೆರಡು ಡೈವ್‌ಗಳಿಗಾದರೂ ಗೈಡ್ ಇಟ್ಟುಕೊಳ್ಳುವುದು ಒಳ್ಳೆಯದು.

ಕೆರಿಬಿಯನ್ ಕಡಲಿನ ಬಗ್ಗೆ ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕು. ಇಲ್ಲಿಯ ಗಟ್ಟಿ ಹವಳದ ಪ್ರಭೇದಗಳು ನೂರಕ್ಕಿಂತ ಕಡಿಮೆ, ರಾಜಾ ಅಂಪಾತ್‌ನಲ್ಲಿ 550ಕ್ಕೂ ಹೆಚ್ಚು. ಅದರ ಮೇಲೆ, ಗಟ್ಟಿ ಹವಳಗಳ ಅಂಗಾಂಶವನ್ನೇ ಕರಗಿಸುವ ರೋಗವೊಂದು ಕೆರಿಬಿಯನ್ನಿನ ಅನೇಕ ಕಡೆ ಹರಡಿದ್ದು, 2023ರಲ್ಲಿ ಬೊನೇರ್‌ನಲ್ಲೂ ಕಾಣಿಸಿಕೊಂಡಿತು. ಹೊರಡುವ ಮುನ್ನ ಯಾವ ತಾಣಗಳು ತೆರೆದಿವೆ, ಸಲಕರಣೆಗಳನ್ನು ಶುದ್ಧಗೊಳಿಸುವ ನಿಯಮಗಳೇನು ಎಂದು ವಿಚಾರಿಸಿಕೊಳ್ಳಿ.

ಇದೇ ಕಡಲಿನ ಕೊಜುಮೆಲ್ ಬೊನೇರ್‌ಗೆ ತದ್ವಿರುದ್ಧ. ಮೆಕ್ಸಿಕೋದ ಈ ದ್ವೀಪದಲ್ಲಿ ಸೆಳೆತವೇ ವಾಹನ: ದೋಣಿಯಿಂದ ಇಳಿದು, ಪಲಂಕಾರ್‌ನಂತಹ ಹವಳದ ಗೋಡೆಗಳ ಪಕ್ಕದಲ್ಲಿ ತೇಲುತ್ತ ಸಾಗಿದರೆ ದೋಣಿಯವರು ಮೇಲೆ ಗುಳ್ಳೆಗಳನ್ನು ಹಿಂಬಾಲಿಸಿ ಬಂದು ಕರೆದುಕೊಳ್ಳುತ್ತಾರೆ. ನೀರು ಬಹಳ ತಿಳಿ. ಈಜುವ ಶ್ರಮ ಕಡಿಮೆ, ಆದರೆ ಮಟ್ಟ ಕಾಯ್ದುಕೊಳ್ಳುವ ಕೌಶಲ ಬೇಕು. ಇಷ್ಟವಾದ ಕಡೆ ನಿಂತು ಚಿತ್ರ ತೆಗೆಯುವವರಿಗೆ ಇದು ಕಿರಿಕಿರಿ ತರಬಹುದು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಸಾಧ್ಯತೆಯಿದೆ. ಡೈವ್ ಮಾಡದವರಿಗೆ ಬೊನೇರ್‌ಗಿಂತ ಇಲ್ಲಿ ಹೆಚ್ಚು ಚಟುವಟಿಕೆಗಳಿವೆ.

ಒಂದೇ ದ್ವೀಪ, ಎರಡು ಕಡಲು: ಬಾಲಿ

ಕುಟುಂಬದೊಂದಿಗೆ ಹೊರಟವರಿಗೆ ನಾನು ಹೆಚ್ಚಾಗಿ ಸೂಚಿಸುವುದು ಬಾಲಿಯನ್ನು. ಡೈವ್ ಮಾಡುವವರು ಬೆಳಿಗ್ಗೆ ಎರಡು ಬಾರಿ ಇಳಿದು ಮಧ್ಯಾಹ್ನಕ್ಕೆ ಮರಳಬಹುದು; ಉಳಿದವರಿಗೆ ದ್ವೀಪದಲ್ಲಿ ನೋಡಲು ಬೇಕಾದಷ್ಟಿದೆ; ವಸತಿ ಎಲ್ಲ ಬಗೆಯ ಬಜೆಟ್ಟಿಗೂ ಸಿಗುತ್ತದೆ. ಆದರೆ ಬಾಲಿಯ ಡೈವಿಂಗ್ ಎಂದು ಒಟ್ಟಾಗಿ ಹೇಳುವುದು ತಪ್ಪು, ಏಕೆಂದರೆ ಈಶಾನ್ಯದ ತುಲಾಂಬೆನ್ ಮತ್ತು ಆಗ್ನೇಯದ ನೂಸಾ ಪೆನಿಡಾ ಎರಡು ಬೇರೆ ಲೋಕಗಳು.

ತುಲಾಂಬೆನ್‌ನಲ್ಲಿರುವುದು ಅಮೆರಿಕದ ಲಿಬರ್ಟಿ ಎಂಬ ಸರಕು ಹಡಗಿನ ಅವಶೇಷ. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿದ ಈ ಹಡಗನ್ನು ಎಳೆದು ತಂದು ಇಲ್ಲಿಯ ದಡಕ್ಕೆ ಹತ್ತಿಸಲಾಯಿತು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ದಡದಿಂದ ಜಾರಿ ನೀರೊಳಗೆ ಮಲಗಿತು. ಅದರ ಮೇಲ್ಭಾಗ ಕೆಲವೇ ಮೀಟರ್ ಆಳದಲ್ಲಿದ್ದು ತಳ ಸುಮಾರು 30 ಮೀಟರ್‌ವರೆಗೆ ಹೋಗುವುದರಿಂದ, ಹೊಸಬರೂ ನುರಿತವರೂ ಒಂದೇ ಹಡಗನ್ನು ತಮ್ಮತಮ್ಮ ಮಟ್ಟದಲ್ಲಿ ನೋಡಬಹುದು. ದಡದ ತುಂಬ ಮರಳಿನ ಬದಲು ಮುಷ್ಟಿಗಾತ್ರದ ನುಣುಪಾದ ಕಪ್ಪು ಕಲ್ಲುಗಳು. ಸಿಲಿಂಡರಿನ ಭಾರ ಹೊತ್ತು ಅವುಗಳ ಮೇಲೆ ನಡೆಯುವಾಗ ಕಾಲಡಿಯ ಕಲ್ಲು ಉರುಳುತ್ತದೆ, ಅಲೆ ಹಿಂದಕ್ಕೆ ಸರಿಯುವಾಗ ಇನ್ನಷ್ಟು ಉರುಳುತ್ತದೆ. ಗಟ್ಟಿ ಅಡಿಯ ಬೂಟು ಹಾಕಿಕೊಂಡು, ಸೊಂಟದ ಮಟ್ಟದ ನೀರು ಸಿಗುವವರೆಗೆ ಜೊತೆಗಾರರ ತೋಳು ಹಿಡಿದು ನಡೆದು, ಫಿನ್‌ಗಳನ್ನು ಅಲ್ಲೇ ತೊಡುವುದು ಸರಿಯಾದ ಕ್ರಮ. ಮಂಡಿನೋವಿರುವವರು ಈ ದಡದ ಬಗ್ಗೆ ಮೊದಲೇ ಡೈವ್ ಸೆಂಟರಿಗೆ ಹೇಳಿದರೆ ಸಿಲಿಂಡರನ್ನು ನೀರಿನವರೆಗೆ ಹೊತ್ತು ಕೊಡುವವರನ್ನು ಒದಗಿಸುತ್ತಾರೆ. ನಡುಮಧ್ಯಾಹ್ನ ಪ್ರವಾಸಿಗಳ ದಟ್ಟಣೆ ಹೆಚ್ಚು; ಅದೇ ಊರಲ್ಲಿ ರಾತ್ರಿ ತಂಗಿ ನಸುಕಿನಲ್ಲಿ ಇಳಿದವರಿಗೆ ಹಡಗು ಸಾಕಷ್ಟು ಏಕಾಂತದಲ್ಲಿ ಸಿಗುತ್ತದೆ.

ನೂಸಾ ಪೆನಿಡಾಕ್ಕೆ ಹೋಗುವವರು ಸಾಮಾನ್ಯವಾಗಿ ಹೋಗುವುದು ಮಂಟಾಗಳಿಗಾಗಿ ಮತ್ತು ಜುಲೈನಿಂದ ಅಕ್ಟೋಬರ್‌ವರೆಗೆ ಆಳದಿಂದ ಮೇಲೆ ಬರುವ ಮೋಲಾ ಮೋಲಾ ಎಂಬ ಬೃಹತ್ ಮೀನಿಗಾಗಿ. ಆ ಮೀನನ್ನು ಮೇಲೆ ತರುವುದು ತಳದಿಂದ ಉಕ್ಕುವ ತಣ್ಣೀರು. ಆ ದಿನಗಳಲ್ಲಿ ನೀರಿನ ಉಷ್ಣಾಂಶ 20 ಡಿಗ್ರಿಗಿಂತಲೂ ಕೆಳಗಿಳಿಯಬಹುದು. ಸೆಳೆತವು ಪಕ್ಕಕ್ಕೆ ಮಾತ್ರವಲ್ಲ, ಕೆಲವೊಮ್ಮೆ ಕೆಳಮುಖವಾಗಿಯೂ ಎಳೆಯುತ್ತದೆ. ಉಷ್ಣವಲಯವೆಂದು ತೆಳ್ಳನೆಯ ವೆಟ್‌ಸೂಟ್ ಧರಿಸಿ ಹತ್ತು ಡೈವ್‌ಗಳ ಅನುಭವದೊಂದಿಗೆ ಇಲ್ಲಿಗೆ ಬರುವುದು ಸಲ್ಲದು. ಮೊದಲು ತುಲಾಂಬೆನ್‌ನಲ್ಲಿ ಕೆಲವು ದಿನ ಕಳೆದು, ಕೈ ಕುದುರಿದ ಮೇಲೆ, ಗೈಡ್ ಒಪ್ಪಿದರೆ ಪೆನಿಡಾ ನೋಡಬಹುದು.

ದುಬಾರಿ ಎನ್ನುವ ಹೆಸರು ಹೊತ್ತ ಮಾಲ್ಡೀವ್ಸ್

ಮಾಲ್ಡೀವ್ಸ್ ಎಂದರೆ ದುಬಾರಿ ರೆಸಾರ್ಟ್ ಎಂಬ ತಿಳಿವಳಿಕೆ ಅರ್ಧ ಸತ್ಯ. ಅಲ್ಲಿ ಡೈವ್ ಮಾಡಲು ಮೂರು ದಾರಿಗಳಿವೆ, ಮೂರಕ್ಕೂ ವೆಚ್ಚ ಬೇರೆ, ಸಿಗುವ ಅನುಭವವೂ ಬೇರೆ. ರೆಸಾರ್ಟಿನಲ್ಲಿ ಕೋಣೆಯ ಬಾಗಿಲಿನಿಂದ ಕೆಲವೇ ಹೆಜ್ಜೆಗೆ ಹವಳದ ದಿಬ್ಬ ಸಿಗಬಹುದು, ಡೈವ್ ಮಾಡದವರಿಗೂ ಸುಖ, ಆದರೆ ಹಣದ ಬಹುಪಾಲು ಕೋಣೆಗೆ ಹೋಗುತ್ತದೆ. ಸ್ಥಳೀಯರು ವಾಸಿಸುವ ದ್ವೀಪಗಳ ಅತಿಥಿಗೃಹದಲ್ಲಿ ಉಳಿದರೆ ಅದೇ ಕಡಲು ಅದರ ಒಂದು ಸಣ್ಣ ಭಾಗದ ವೆಚ್ಚಕ್ಕೆ ಸಿಗುತ್ತದೆ. ಲಿವ್‌ಅಬೋರ್ಡ್ ಹಡಗಿನಲ್ಲೇ ಉಳಿದು ಹವಳ ದ್ವೀಪಸಮೂಹಗಳನ್ನು ಸುತ್ತಿದರೆ ದಿನಕ್ಕೆ ಮೂರು ಡೈವ್, ಬಗೆಬಗೆಯ ತಾಣಗಳು, ಆದರೆ ಹಡಗಿನಲ್ಲಿ ಡೈವಿಂಗ್ ಬಿಟ್ಟರೆ ಬೇರೆ ಕೆಲಸವಿಲ್ಲ. ಇಬ್ಬರಲ್ಲಿ ಒಬ್ಬರು ಮಾತ್ರ ಡೈವರ್ ಆಗಿದ್ದರೆ ಲಿವ್‌ಅಬೋರ್ಡ್ ಬೇಡವೆಂದೇ ಹೇಳುತ್ತೇನೆ.

ಇಲ್ಲಿಯ ವಿಶೇಷವಿರುವುದು ಕಾಲುವೆಗಳಲ್ಲಿ. ಹವಳದ ಉಂಗುರದ ಬಿರುಕುಗಳ ಮೂಲಕ ಸಾಗರದ ನೀರು ಒಳನುಗ್ಗುವಾಗ ಬೂದು ಶಾರ್ಕ್‌ಗಳು ಅದರ ಬಾಯಲ್ಲಿ ಸಾಲುಗಟ್ಟುತ್ತವೆ. ಅದನ್ನು ನೋಡಲು ಸೆಳೆತದಲ್ಲಿ ಬೇಗನೆ ಇಳಿಯಲು ಬರಬೇಕು, ಮೇಲೇರುವಾಗ ಗಾಳಿ ತುಂಬಿದ ಬಣ್ಣದ ಗುರುತುಚೀಲವನ್ನು ಮೊದಲೇ ಮೇಲೆ ಬಿಡಲು ಬರಬೇಕು. ಹೊಸಬರಿಗೆ ಒಳಗಿನ ಶಾಂತ ದಿಬ್ಬಗಳೇ ಸಾಕು. ಹವ್ಯಾಸಿ ಡೈವಿಂಗ್‌ಗೆ ಮಾಲ್ಡೀವ್ಸ್‌ನಲ್ಲಿ 30 ಮೀಟರ್ ಕಾನೂನಿನ ಮಿತಿ. 2010ರಲ್ಲಿ ಅಲ್ಲಿ ಶಾರ್ಕ್ ಬೇಟೆಯನ್ನು ನಿಷೇಧಿಸಲಾಯಿತು. ಋತುವಿನ ವಿಷಯದಲ್ಲಿ ಜನವರಿಯಿಂದ ಏಪ್ರಿಲ್‌ವರೆಗಿನ ಒಣಹವೆಯನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಬಾ ಅಟಾಲ್ ಎಂಬ ಹವಳ ದ್ವೀಪಸಮೂಹದ ಹನಿಫಾರು ಕೊಲ್ಲಿಯಲ್ಲಿ ಮಂಟಾಗಳು ಹಿಂಡಾಗಿ ಸೇರುವುದು ಜೂನ್‌ನಿಂದ ನವೆಂಬರ್‌ವರೆಗಿನ ಮಳೆಗಾಲದಲ್ಲಿ. ಇನ್ನೂ ಒಂದು ಸಂಗತಿ ಅನೇಕರಿಗೆ ತಿಳಿದಿರುವುದಿಲ್ಲ: ಆ ಕೊಲ್ಲಿಯಲ್ಲಿ ಸ್ಕೂಬಾಗೆ ಅನುಮತಿಯಿಲ್ಲ, ಉಸಿರುಕೊಳವೆ ಕಚ್ಚಿಕೊಂಡು ನೀರಿನ ಮೇಲ್ಮೈಯಲ್ಲೇ ಈಜುತ್ತ ನೋಡುವ ಸ್ನಾರ್ಕ್ಲಿಂಗ್ ಮಾತ್ರ. ಮಂಟಾಗಳೇ ಮುಖ್ಯವೆನ್ನುವವರಿಗೂ ಡೈವ್ ಮಾಡದ ಜೊತೆಗಾರರಿಗೂ ಇದು ಸಮಾನವಾದ ಅವಕಾಶ.

1998 ಮತ್ತು 2016ರ ಬಿಸಿನೀರಿನಿಂದ ಮಾಲ್ಡೀವ್ಸ್‌ನ ಹವಳಗಳು ಬಿಳಿಚಿಕೊಂಡು ಬಹಳ ಹಾನಿಯಾಯಿತು. ಜಗತ್ತಿನಾದ್ಯಂತ ನಾಲ್ಕನೆಯ ಬಾರಿ ಹವಳಗಳು ವ್ಯಾಪಕವಾಗಿ ಬಿಳಿಚಿಕೊಳ್ಳುತ್ತಿವೆ ಎಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಹವಳದ ತೋಟಗಳಿಗಾಗಿಯೇ ಹೋಗುವವರು ಹಳೆಯ ಚಿತ್ರಗಳನ್ನು ನಂಬದೆ, ಈ ವರ್ಷದ ಚಿತ್ರಗಳನ್ನು ಕೇಳಿ ನೋಡಬೇಕು. ದೊಡ್ಡ ಪ್ರಾಣಿಗಳಿಗಾಗಿ ಹೋಗುವವರಿಗೆ ಮಾಲ್ಡೀವ್ಸ್ ಇಂದಿಗೂ ಮೊದಲ ಸಾಲಿನ ತಾಣ.

ದೂರದ ಕಡಲುಗಳು: ರಾಜಾ ಅಂಪಾತ್ ಮತ್ತು ಪಲಾವ್

ಜೀವವೈವಿಧ್ಯವೊಂದೇ ಮಾನದಂಡವಾದರೆ ಚರ್ಚೆಯೇ ಬೇಡ, ರಾಜಾ ಅಂಪಾತ್ ಎಲ್ಲರಿಗಿಂತ ಮೇಲೆ. ಇಲ್ಲಿನ ಕೇಪ್ ಕ್ರಿ ಎಂಬಲ್ಲಿ ಮೀನುಗಳ ತಜ್ಞ ಜೆರಾಲ್ಡ್ ಅಲೆನ್ ಅವರು 2012ರಲ್ಲಿ ಒಂದೇ ಡೈವಿನಲ್ಲಿ 374 ಪ್ರಭೇದಗಳನ್ನು ಎಣಿಸಿದರು. ಹವಳದ ಮೇಲೆ ಕಾರ್ಪೆಟ್ಟಿನಂತೆ ಅಂಟಿಕೊಂಡು ಮಲಗುವ ವೊಬೆಗಾಂಗ್ ಶಾರ್ಕ್‌ನಿಂದ ಹಿಡಿದು ಉಗುರಿನ ಗಾತ್ರದ ಕಡಲಕುದುರೆಯವರೆಗೆ ಎಲ್ಲವೂ ಒಂದೇ ಪ್ರದೇಶದಲ್ಲಿ. ಆದರೆ ಸೊರೊಂಗ್‌ವರೆಗೆ ವಿಮಾನ, ಅಲ್ಲಿಂದ ವೈಸಾಯಿಗೆ ದೋಣಿ, ಅಲ್ಲಿಂದ ಮತ್ತೊಂದು ದೋಣಿ ಎಂದು ಹೋಗಿಬರಲೇ ಎರಡು ಮೂರು ದಿನ ಬೇಕು. ಒಂದು ವಾರದ ರಜೆಗೆ ಈ ತಾಣ ಹೊಂದುವುದಿಲ್ಲ. ಹತ್ತು ದಿನಕ್ಕಿಂತ ಹೆಚ್ಚಿದ್ದರೆ, ಅಕ್ಟೋಬರ್‌ನಿಂದ ಏಪ್ರಿಲ್‌ನೊಳಗೆ ಹೋಗುವಂತಿದ್ದರೆ ಮಾತ್ರ ಯೋಚಿಸಿ. ಲಿವ್‌ಅಬೋರ್ಡ್ ದುಬಾರಿ, ಸ್ಥಳೀಯ ಕುಟುಂಬಗಳು ನಡೆಸುವ ತಂಗುಮನೆಗಳಲ್ಲಿ ಉಳಿದರೆ ಖರ್ಚು ಬಹಳ ಇಳಿಯುತ್ತದೆ, ಸೌಕರ್ಯವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಅಲ್ಲಿ ಮಲೇರಿಯಾ ಇದೆ. ತಡೆಗುಳಿಗೆ ಕೇಳುವಾಗ ನೀವು ಡೈವರ್ ಎಂದು ವೈದ್ಯರಿಗೆ ತಪ್ಪದೆ ಹೇಳಿ, ಏಕೆಂದರೆ ಮೆಫ್ಲೋಕ್ವಿನ್‌ನಂತಹ ಕೆಲವು ಔಷಧಗಳು ತಲೆಸುತ್ತು ತರಬಲ್ಲವು.

ಪಲಾವ್ ಸೆಳೆತವನ್ನು ಪ್ರೀತಿಸುವವರ ದ್ವೀಪ. ಬ್ಲೂ ಕಾರ್ನರ್ ಎಂಬಲ್ಲಿ ಹವಳದ ಗೋಡೆ ಮೂಲೆ ತಿರುಗುತ್ತದೆ, ಸಾಗರದ ಹರಿವು ಅಲ್ಲಿ ಬಂದು ಬಡಿಯುತ್ತದೆ. ಡೈವರ್‌ಗಳು ಗೋಡೆಯ ಅಂಚಿಗೆ ಬಂದು, ಜೀವವಿಲ್ಲದ ಕಲ್ಲಿನ ಸಂದಿಯೊಂದನ್ನು ಹುಡುಕಿ ರೀಫ್ ಹುಕ್ ಎಂಬ ಮೊಂಡು ಕೊಕ್ಕೆಯನ್ನು ಸಿಕ್ಕಿಸಿ, ಅದರ ಹುರಿಯನ್ನು ತೇಲುವ ಮಟ್ಟ ಹೊಂದಿಸುವ ಡೈವಿಂಗ್ ಜಾಕೆಟ್ಟಿಗೆ ಕಟ್ಟಿಕೊಂಡು, ಜಾಕೆಟ್ಟಿಗೆ ತುಸುವೇ ಗಾಳಿ ತುಂಬುತ್ತಾರೆ. ಆಗ ಇಡೀ ದೇಹ ದಾರ ಕಟ್ಟಿದ ಗಾಳಿಪಟದ ಹಾಗೆ ಹವಳದಿಂದ ಮೇಲೆದ್ದು ನಿಲ್ಲುತ್ತದೆ. ಮುಂದೆ ಶಾರ್ಕ್‌ಗಳು ಅದೇ ಹರಿವಿನಲ್ಲಿ ಬಾಲ ಅಲುಗಿಸದಂತೆ ನಿಂತಿರುತ್ತವೆ. ಹುಕ್ ಬಿಚ್ಚುವ ಮುನ್ನ ಜಾಕೆಟ್ಟಿನ ಗಾಳಿ ಪೂರ್ತಿ ಹೊರಬಿಡುವುದನ್ನು ಮರೆತರೆ ದೇಹ ರಭಸವಾಗಿ ಮೇಲಕ್ಕೇರುತ್ತದೆ, ಅದು ಅಪಾಯಕಾರಿ. ಇದನ್ನು ಓದಿ ಉತ್ಸಾಹ ಬಂದವರಿಗೆ ಪಲಾವ್ ಸರಿ. ಎದೆ ಝಲ್ಲೆಂದವರು ಇನ್ನೆರಡು ವರ್ಷ ಬಿಟ್ಟು ಹೋಗಲಿ, ಬ್ಲೂ ಕಾರ್ನರ್ ಅಲ್ಲೇ ಇರುತ್ತದೆ. ಸಂರಕ್ಷಣೆಯ ವಿಷಯದಲ್ಲಿ ಪಲಾವ್ ಬಹಳ ಕಟ್ಟುನಿಟ್ಟು. 2009ರಲ್ಲೇ ತನ್ನ ಕಡಲನ್ನು ಶಾರ್ಕ್‌ಗಳ ಅಭಯಧಾಮವೆಂದು ಘೋಷಿಸಿತು, 2017ರಿಂದ ಪ್ರವಾಸಿಗಳು ಪಾಸ್‌ಪೋರ್ಟಿನಲ್ಲಿ ಮುದ್ರಿಸಿದ ಪರಿಸರ ಪ್ರತಿಜ್ಞೆಗೆ ಸಹಿ ಹಾಕಬೇಕು, 2020ರಿಂದ ಹವಳಕ್ಕೆ ಹಾನಿ ಮಾಡುವ ಸನ್‌ಸ್ಕ್ರೀನ್‌ಗಳಿಗೆ ನಿಷೇಧವಿದೆ. ವೆಚ್ಚ ಮಾತ್ರ ಎಲ್ಲ ಬಗೆಯಲ್ಲೂ ಹೆಚ್ಚು.

ಗಲಪಗೋಸ್ ಬಗ್ಗೆಯೂ ಅನೇಕರು ಕೇಳುತ್ತಾರೆ. ಸಮಭಾಜಕ ರೇಖೆಯ ಮೇಲೆಯೇ ಇದ್ದರೂ ಅಲ್ಲಿಯ ನೀರು ತಣ್ಣಗೆ, ಸೆಳೆತ ಬಲವಾದದ್ದು, ಹ್ಯಾಮರ್‌ಹೆಡ್ ಶಾರ್ಕ್‌ಗಳ ಹಿಂಡು ಕಾಣುವ ಡಾರ್ವಿನ್ ಮತ್ತು ವುಲ್ಫ್ ದ್ವೀಪಗಳಿಗೆ ಲಿವ್‌ಅಬೋರ್ಡ್ ಬಿಟ್ಟರೆ ಬೇರೆ ದಾರಿಯಿಲ್ಲ. ನುರಿತ ಡೈವರ್‌ಗಳ ಸಾಹಸಯಾತ್ರೆ ಎಂದು ಅದನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ. ದ್ವೀಪದ ವಿಹಾರದ ಪಟ್ಟಿಗೆ ಅದನ್ನು ಸೇರಿಸಬೇಡಿ.

ಎರಡರ ನಡುವೆ ತೂಗುವಾಗ

ಬಹಳ ಮಂದಿಯ ಗೊಂದಲ ಕೊನೆಗೆ ಎರಡು ಹೆಸರುಗಳಿಗೆ ಬಂದು ನಿಲ್ಲುತ್ತದೆ. ಮೊದಲ ಬಾರಿಗೆ ಕಲಿಯುವವರು ಕೋ ತಾವೋ ಮತ್ತು ಬಾಲಿಯ ನಡುವೆ ತೂಗುತ್ತಿದ್ದರೆ, ಡೈವಿಂಗ್ ಮಾತ್ರವೇ ಗುರಿಯಾದವರು ಕೋ ತಾವೋಗೆ, ಕುಟುಂಬ ಜೊತೆಗಿರುವವರು ಬಾಲಿಗೆ ಹೋಗುವುದು ಸರಿ. ಹಣ ಮಿತವಾಗಿದ್ದು ದೊಡ್ಡ ಪ್ರಾಣಿಗಳನ್ನೇ ನೋಡಬೇಕೆಂದರೆ ಪಲಾವ್‌ಗಿಂತ ಮಾಲ್ಡೀವ್ಸ್‌ನ ಅತಿಥಿಗೃಹಗಳು ಮೇಲು. ಸಣ್ಣ ಜೀವಿಗಳ ಚಿತ್ರ ತೆಗೆಯುವ ಹವ್ಯಾಸವಿದ್ದರೆ ಮಾಲ್ಡೀವ್ಸ್ ಬಿಡಿ. ತುಲಾಂಬೆನ್‌ನ ಕಪ್ಪು ಮರಳಿನ ತಳ ಅದಕ್ಕಿಂತ ಎಷ್ಟೋ ಉತ್ತಮ, ಸಮಯವಿದ್ದರೆ ರಾಜಾ ಅಂಪಾತ್ ಇನ್ನೂ ಉತ್ತಮ. ಇಬ್ಬರಲ್ಲಿ ಒಬ್ಬರು ನುರಿತವರು, ಇನ್ನೊಬ್ಬರು ಹೊಸಬರು ಎಂದಾದರೆ, ಯಾವಾಗಲೂ ಹೊಸಬರ ಮಟ್ಟಕ್ಕೆ ತಕ್ಕ ತಾಣವನ್ನು ಆರಿಸಿ. ನುರಿತವರಿಗೆ ಶಾಂತ ನೀರಿನಲ್ಲೂ ನೋಡಲು ಸಿಗುತ್ತದೆ, ಹೊಸಬರಿಗೆ ರಭಸದ ನೀರಿನಲ್ಲಿ ಏನೂ ಸಿಗುವುದಿಲ್ಲ.

ತಾಣ ನಿಶ್ಚಯವಾದ ಮೇಲೆ ಡೈವ್ ಸೆಂಟರನ್ನು ಆರಿಸುವಾಗ ಶುಲ್ಕಕ್ಕಿಂತ ಮೊದಲು ನಾಲ್ಕು ವಿಷಯ ಕೇಳಿ: ಗೈಡ್ ಒಬ್ಬರಿಗೆ ಎಷ್ಟು ಡೈವರ್‌ಗಳು, ದೋಣಿಯಲ್ಲಿ ತುರ್ತು ಆಮ್ಲಜನಕ ಇದೆಯೇ, ಮೊದಲ ದಿನ ಸುಲಭವಾದ ಪರೀಕ್ಷಾ ಡೈವ್ ಮಾಡಿಸುತ್ತಾರೆಯೇ, ರಿಕಂಪ್ರೆಷನ್ ಚೇಂಬರ್ (ದೇಹದಲ್ಲಿ ಗಾಳಿಗುಳ್ಳೆಗಳಾದ ಡೈವರ್‌ಗೆ ಒತ್ತಡ ಕೊಟ್ಟು ಚಿಕಿತ್ಸೆ ಮಾಡುವ ಕೋಣೆ) ಇರುವ ಆಸ್ಪತ್ರೆ ಎಷ್ಟು ಗಂಟೆಗಳ ದಾರಿ. ನಿಮ್ಮ ಅನುಭವದ ಬಗ್ಗೆ ಒಂದೂ ಪ್ರಶ್ನೆ ಕೇಳದೆ, ನೀವು ಹೇಳಿದ ತಾಣಕ್ಕೆಲ್ಲ ಆಗಲಿ ಎನ್ನುವ ಸೆಂಟರನ್ನು ಬಿಟ್ಟುಬಿಡುವುದು ಒಳ್ಳೆಯದು. ಪ್ರವಾಸ ವಿಮೆ ಡೈವಿಂಗನ್ನು ಒಳಗೊಂಡಿದೆಯೇ, ಎಷ್ಟು ಆಳದವರೆಗೆ ಎಂಬುದನ್ನೂ ಓದಿಕೊಳ್ಳಿ. ಆರೋಗ್ಯದ ಪ್ರಶ್ನಾವಳಿಯಲ್ಲಿ ಆಸ್ತಮಾ, ಹೃದಯ, ಕಿವಿಯ ತೊಂದರೆಗಳಂತಹ ಯಾವುದಕ್ಕಾದರೂ ಹೌದು ಎನ್ನಬೇಕಾದರೆ ವೈದ್ಯರ ಸಹಿ ಬೇಕಾಗುತ್ತದೆ. ಇದನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳದವರು ದ್ವೀಪ ತಲುಪಿದ ಮೇಲೆ ವೈದ್ಯರನ್ನು ಹುಡುಕುತ್ತ ದಿನ ಕಳೆಯಬೇಕಾಗುತ್ತದೆ.

ದಿನಗಳನ್ನು ಲೆಕ್ಕ ಹಾಕುವಾಗ ಮರಳುವ ವಿಮಾನದಿಂದ ಹಿಂದಕ್ಕೆ ಎಣಿಸಿ, ಏಕೆಂದರೆ ಡೈವ್ ಮಾಡುವಾಗ ದೇಹದಲ್ಲಿ ಕರಗಿದ ಸಾರಜನಕ ಹೊರಹೋಗುವ ಮೊದಲೇ ಎತ್ತರಕ್ಕೇರುವುದು ಅಪಾಯ. ಒಂದೇ ಡೈವ್ ಮಾಡಿದ್ದರೆ ವಿಮಾನ ಏರುವ ಮುನ್ನ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡುವು ಬೇಕು. ಅನೇಕರು ಪೂರ್ತಿ ಒಂದು ದಿನವನ್ನೇ ಬಿಡುತ್ತಾರೆ, ನಾನೂ ಅದನ್ನೇ ಹೇಳುತ್ತೇನೆ. ದ್ವೀಪಗಳ ನಡುವಿನ ಸಣ್ಣ ವಿಮಾನಕ್ಕೂ ಈ ನಿಯಮ ಅನ್ವಯಿಸುತ್ತದೆ, ಎತ್ತರದ ಬೆಟ್ಟದ ರಸ್ತೆಗೂ ಇದೇ ಎಚ್ಚರ ಬೇಕು. ತುಲಾಂಬೆನ್‌ನಲ್ಲಿ ಬೆಳಿಗ್ಗೆ ಡೈವ್ ಮಾಡಿದವರು ಅದೇ ಮಧ್ಯಾಹ್ನ ಸುಮಾರು 1500 ಮೀಟರ್ ಎತ್ತರದ ಕಿಂತಾಮಣಿಯ ಮೇಲೆ ಹಾದು ಹೋಗದೆ ಕರಾವಳಿಯ ರಸ್ತೆಯಲ್ಲೇ ಹಿಂದಿರುಗಬೇಕು. ಏಳು ದಿನದ ರಜೆಯಲ್ಲಿ ಪ್ರಯಾಣ ಮತ್ತು ಈ ಬಿಡುವು ಕಳೆದರೆ ಡೈವಿಂಗ್‌ಗೆ ಉಳಿಯುವುದು ನಾಲ್ಕು ದಿನ. ಮೇಲಿನ ತಾಣಗಳಲ್ಲಿ ಆ ನಾಲ್ಕು ದಿನಕ್ಕೆ ಯಾವುದು ಹೊಂದುತ್ತದೆ ಎಂದು ನೋಡಿಕೊಂಡ ಮೇಲೆಯೇ ಟಿಕೆಟ್ ಕಾಯ್ದಿರಿಸಿ.